ಹುಳು ಅಂದವಳು ನಾನೇ

ಟೆಸ್ಟ್ ಪಂದ್ಯ ನಡೆಯುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಕುಕ್ಕರ್ ಒಲೆ ಏರುವುದು ಹನ್ನೊಂದೂವರೆಗೆ, ಆಟಗಾರರು ಊಟಕ್ಕೆ ಹೋದ ಮೇಲೆ. ಹನ್ನೆರಡು ಹತ್ತಕ್ಕೆ ನಾನು ಮತ್ತೆ ಟೀವಿ ಮುಂದೆ. ಎರಡು ಹತ್ತಕ್ಕೆ ಅವರು ಟೀಗೆ ಹೋದಾಗ ಕಾಫಿಗೆ ಹಾಲಿಡುತ್ತೇನೆ, ಎರಡೂವರೆಗೆ ಲೋಟ ಹಿಡಿದು ಬಂದು ಕೂರುತ್ತೇನೆ. ಮದುವೆಯಾಗಿ ಗೌರಿಬಿದನೂರಿಗೆ ಬಂದ ಹೊಸತರಲ್ಲಿ ನಮ್ಮತ್ತೆ ಇದನ್ನು ನೋಡಿ, ಸೊಸೆ ಗಡಿಯಾರದಂಥವಳು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಪಂದ್ಯ ಆಸ್ಟ್ರೇಲಿಯಾದಲ್ಲಿ ನಡೆದಾಗ ನಾನು ಬೆಳಗಿನ ಜಾವವೇ ಎದ್ದದ್ದು ಕಂಡು ಅವರಿಗೆ ನನ್ನ ಮೇಲೆ ಭಕ್ತಿಯೇ ಹುಟ್ಟಿತ್ತು. ತಂಡ ಇಂಗ್ಲೆಂಡಿಗೆ ಹೋದ ವರ್ಷ ಆ ಮರ್ಯಾದೆಯೆಲ್ಲ ಕಳೆಯಿತು. ಮಧ್ಯಾಹ್ನ ಮೂರೂವರೆಗೆ ಕೂತವಳು ಊಟದ ಹೊತ್ತಿಗೂ ಏಳದೆ ಹೋದೆ.

ನನ್ನ ಕೆಲಸಕ್ಕೂ ಈ ಆಟಕ್ಕೂ ಹೊಂದಿಕೆಯಾಗುತ್ತದೆ. ನಾನು ಮನೆಯಲ್ಲೇ ಕೂತು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಕೈ ಅದರ ಪಾಡಿಗೆ ಗಂಟು ಹಾಕುತ್ತಿರುತ್ತದೆ, ಕಣ್ಣು ಟೀವಿ ಮೇಲಿರುತ್ತದೆ. ಚುಟುಕು ಪಂದ್ಯಗಳು ನನಗೆ ಆಗಿಬರುವುದಿಲ್ಲ. ಒಂದು ಒಗ್ಗರಣೆಗೆ ಒಳಗೆ ಹೋಗಿ ಬಂದರೆ ಮೂವರು ಔಟಾಗಿರುತ್ತಾರೆ. ಟೆಸ್ಟಿನಲ್ಲಿ ಹಾಗಲ್ಲ. ಸಾರು ಇಳಿಸಿ, ಬಟ್ಟೆ ಒಣಹಾಕಿ, ಪಕ್ಕದ ಮನೆಯವರ ಹತ್ತಿರ ಎರಡು ಮಾತಾಡಿ ಬಂದರೂ ಅದೇ ಮನುಷ್ಯ ಅಂಥದೇ ಚೆಂಡನ್ನು ಹಾಗೆಯೇ ಬಿಡುತ್ತ ನಿಂತಿರುತ್ತಾನೆ. ಇದು ಹೆಂಗಸರಿಗೆಂದೇ ಮಾಡಿದ ಆಟ ಎಂದು ನನ್ನ ನಂಬಿಕೆ. ಗಂಡಸರು ಮಾತ್ರ ಇದಕ್ಕೆ ಬೋರು ಅನ್ನುತ್ತಾರೆ.

ಈ ಅಭ್ಯಾಸ ಹತ್ತಿದ್ದು ಹುಳುವಿನಿಂದ. ನನ್ನ ತವರು ಚಿಂತಾಮಣಿ ಹತ್ತಿರದ ಕೆಂಚಾರ್ಲಹಳ್ಳಿ. ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುವಿನ ಮನೆಗೂ ಹಜಾರಕ್ಕೂ ಮಧ್ಯೆ ಒಂದೇ ಗೋಡೆ, ಆ ಗೋಡೆಗೆ ಆನಿಸಿ ಟೀವಿ. ದಿನಕ್ಕೆ ನಾಲ್ಕು ಸಲ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವುದು ನನ್ನ ಪಾಲಿನ ಕೆಲಸ. ಊಟದ ವಿರಾಮಕ್ಕೆ ಒಂದು ಸೊಪ್ಪು, ಟೀ ವಿರಾಮಕ್ಕೆ ಒಂದು ಸೊಪ್ಪು ಎಂದು ನಾನು ಹೊಂದಿಸಿಕೊಂಡಿದ್ದೆ. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ತಿನ್ನುವಾಗ ಸಣ್ಣಗೆ ಮಳೆ ಹನಿದಂಥ ಸದ್ದು ಬರುತ್ತದೆ. ಎಷ್ಟೋ ವರ್ಷ ನಾನು ಆ ಸದ್ದನ್ನು ಮೈದಾನದ ಜನರ ಚಪ್ಪಾಳೆಯ ಜೊತೆ ಬೆರೆಸಿಯೇ ಕೇಳಿದವಳು.

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರದಲ್ಲಿ ಹುಳು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ನಾಲ್ಕನೇ ಜ್ವರ ಕಳೆದೆದ್ದ ಮೇಲೆ ನೋಡಬೇಕು. ಬುಟ್ಟಿಗಟ್ಟಲೆ ಸೊಪ್ಪು ತಂದು ಸುರಿದರೂ ಸಾಲದು. ನಮ್ಮ ತಂಡದಲ್ಲಿ ಒಬ್ಬ ದೊಡ್ಡ ಆಟಗಾರನಿದ್ದ. ಮೊದಲ ಒಂದು ಗಂಟೆ ಅಲ್ಲಾಡದೆ ನಿಲ್ಲುತ್ತಿದ್ದ, ಆಮೇಲೆ ಸಂಜೆಯವರೆಗೆ ತಿನ್ನುತ್ತಲೇ ಇರುತ್ತಿದ್ದ. ನಾನು ಅವನಿಗೆ 'ನಾಲ್ಕನೇ ಜ್ವರ' ಎಂದೇ ಹೆಸರಿಟ್ಟಿದ್ದೆ. ಅವನ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಏನಾಗುತ್ತದೆ ಎಂದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ನನ್ನ ತಮ್ಮ ಮಂಜ ನನಗಿಂತ ಐದು ವರ್ಷ ಚಿಕ್ಕವನು. ಅವನಿಗೆ ಆಟ ನೋಡುವುದನ್ನು ಕಲಿಸಿದವಳು ನಾನು. "ಚೆಂಡು ನೋಡ್ಬೇಡ ಕಣೋ, ಎಲ್ಲಾರೂ ಅದನ್ನೇ ನೋಡ್ತಾರೆ. ಬ್ಯಾಟ್ ಮಾಡೋನ ಕಾಲು ನೋಡು" ಎಂದು ತಲೆ ಹಿಡಿದು ತಿರುಗಿಸುತ್ತಿದ್ದೆ. ಸಂಜೆ ಅಪ್ಪನ ಸ್ನೇಹಿತರು ಹಜಾರದಲ್ಲಿ ಸೇರಿದಾಗ ಅಪ್ಪ ಕರೆಯುತ್ತಿದ್ದರು.

"ಏನಪ್ಪ ಮಂಜ, ನಾಳೆ ಏನಾಗುತ್ತಪ್ಪ?"

ಮಂಜ ನನ್ನ ಮುಖ ನೋಡುತ್ತಿದ್ದ. ಬಾಗಿಲ ಹಿಂದೆ ನಿಂತ ನಾನು ಪಿಸುಗುಡುತ್ತಿದ್ದೆ. ಅವನು ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದ. ಹಿರಿಯರು ಅವನ ಬೆನ್ನು ತಟ್ಟುತ್ತಿದ್ದರು. ಒಂದು ಸಲ ನಾನೇ ಮುಂದೆ ಬಂದು ಬಾಯಿ ಹಾಕಿದೆ. ನಮ್ಮಮ್ಮ ತೆಲುಗಿನಲ್ಲಿ, "ಆ ಪಿಲ್ಲಕಿ ಏಮಿ ತೆಲುಸು" ಅಂದರು. ಆ ಹುಡುಗಿಗೆ ಏನು ಗೊತ್ತು ಎಂದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಈಗ ಯೋಚಿಸಿದರೆ ನಾನು ಯಾಕೆ ನಕ್ಕೆನೋ ತಿಳಿಯುವುದಿಲ್ಲ.

ಮಂಜ ಈಗ ಚಿಂತಾಮಣಿಯಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾನೆ. ನಾಲ್ಕು ವರ್ಷದ ಹಿಂದೆ ಅಂಗಡಿಯಲ್ಲೇ ಫೋನು ಎದುರಿಗಿಟ್ಟುಕೊಂಡು, ಪೈಪಿನ ಸುರುಳಿಗಳ ಮುಂದೆ ಕೂತು, ಟೆಸ್ಟ್ ಪಂದ್ಯದ ಬಗ್ಗೆ ಮಾತಾಡಿ ಯೂಟ್ಯೂಬಿಗೆ ಹಾಕತೊಡಗಿದ. ನಮ್ಮ ಕಡೆಯ ಮಾತು, ನಡುನಡುವೆ ಎರಡು ತೆಲುಗು ಪದ. ಜನಕ್ಕೆ ಹಿಡಿಸಿತು. ದಿನದ ಆಟ ಮುಗಿದ ತಕ್ಷಣ ನನಗೆ ಅವನ ಫೋನು ಬರುತ್ತಿತ್ತು.

"ಅಕ್ಕ, ನೋಡಿದ್ಯಾ? ಏನನ್ಸುತ್ತೆ?"

ನಾನು ಅರ್ಧ ಗಂಟೆ ಹೇಳುತ್ತಿದ್ದೆ. ಯಾವ ಬೌಲರು ಸುಸ್ತಾಗಿ ಭುಜ ಬಗ್ಗಿಸುತ್ತಿದ್ದಾನೆ, ಯಾರು ಸ್ಲಿಪ್ಪಿನಲ್ಲಿ ನಿದ್ದೆ ಹೋಗಿದ್ದಾನೆ, ನಾಳೆ ಪಿಚ್ಚಿನ ಯಾವ ಮೂಲೆಯಲ್ಲಿ ಮಣ್ಣು ಏಳುತ್ತದೆ. ಸಂಜೆ ಏಳಕ್ಕೆ ಅವನ ವಿಡಿಯೋದಲ್ಲಿ ಅದೇ ಮಾತು, ಅದೇ ಉಪಮೆ, ನಾನು ತಡೆದಲ್ಲೇ ಅವನೂ ತಡೆಯುತ್ತಿದ್ದ. ಕೆಳಗೆ ಜನ ಬರೆಯುತ್ತಿದ್ದರು: 'ಅಣ್ಣ ನಿಮ್ಮಂಗೆ ಯಾರೂ ಹೇಳಲ್ಲ', 'ಚಿಂತಾಮಣಿ ಸಿಂಹ'. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಮುಂಚೆ ಎಲ್ಲರೂ ಅವನ ವಿಡಿಯೋ ನೋಡುತ್ತಾರಂತೆ ಎಂದು ಮಂಜನೇ ಹೇಳಿದ್ದ. ಸುಳ್ಳೇಕೆ ಹೇಳಲಿ, ನನಗೆ ಸಂತೋಷವಾಗುತ್ತಿತ್ತು. ಆ ಹೊಗಳಿಕೆಗಳನ್ನು ಕುಚ್ಚು ಕಟ್ಟುವಾಗ ಒಂದೊಂದಾಗಿ ಓದಿಕೊಳ್ಳುತ್ತಿದ್ದೆ. ಸಿಂಹ ನಾನೇ ಎಂದು ನನ್ನೊಳಗೆ ಒಂದು ಗುಟ್ಟಿನ ಜಂಬ. ಅವನು ಮಾತಿಗೆ ಮುಂಚೆ, "ನಾನು ಮೊದಲಿಂದ್ಲೂ ಹೇಳ್ತಾ ಬಂದಿದೀನಿ" ಅನ್ನುವಾಗ ಮಾತ್ರ ಗಂಟು ತಪ್ಪುತ್ತಿತ್ತು.

ಹೀಗಿರುವಾಗ ನಾಲ್ಕನೇ ಜ್ವರಕ್ಕೆ ವಯಸ್ಸಾಯಿತು. ಒಂದು ಸರಣಿಯಲ್ಲಿ ಮೇಲಿಂದ ಮೇಲೆ ಬೇಗ ಔಟಾದ. ಜನ ಅದೃಷ್ಟ ಸರಿಯಿಲ್ಲ ಅಂದರು, ಅಂಪೈರು ಸರಿಯಿಲ್ಲ ಅಂದರು, ಅವನ ಹೆಂಡತಿ ಮೈದಾನಕ್ಕೆ ಬಂದದ್ದು ಸರಿಯಿಲ್ಲ ಅಂದರು. ನಾನು ಅವನ ಕಾಲು ನೋಡುತ್ತಿದ್ದೆ. ಚೆಂಡು ಬಂದು ತಲುಪಿದ ಮೇಲೆ ಅವನ ಮುಂಗಾಲು ಹೊರಡುತ್ತಿತ್ತು. ಆ ಕಾಲನ್ನು ನಾನು ವರ್ಷಗಟ್ಟಲೆ ನೋಡಿದವಳು. ಆ ಸಂಜೆ ಮಂಜ ಫೋನು ಮಾಡಿದಾಗ ನನ್ನ ಗಂಟಲು ಕಟ್ಟಿತ್ತು.

"ಕಣ್ಣು ಹೋಗಿಲ್ಲ ಕಣೋ, ಕೈ ಹೋಗಿಲ್ಲ. ಕಾಲು ಮಾತು ಕೇಳ್ತಿಲ್ಲ. ಹುಳು ಹಣ್ಣಾಗಿ ಸೊಪ್ಪು ಬಿಟ್ಮೇಲೆ ಏನ್ ಮಾಡ್ತಿದ್ವಿ? ಹೊತ್ತು ನೋಡಿ ಎತ್ತಿ ಬಿದಿರಿನ ಚಂದ್ರಿಕೆಗೆ ಬಿಡ್ತಿದ್ವಿ, ಅಲ್ಲಿ ಚೆನ್ನಾಗಿ ಗೂಡು ಕಟ್ಟಲಿ ಅಂತ. ಬಿಡದೆ ಇದ್ರೆ ತಟ್ಟೆ ಕಸದಲ್ಲೇ ಕಟ್ಕೊಳ್ಳುತ್ತೆ, ಆ ಗೂಡು ಯಾರಿಗೂ ಬೇಡ. ಇವನನ್ನೂ ಈಗ ಕೈಮುಗಿದು ಕಳಿಸ್ಕೊಡ್ಬೇಕು. ಇನ್ನೊಂದು ಸರಣಿ ಆಡಿದ್ರೆ ಅವನಿಗೇ ಅವಮಾನ."

ಮಂಜ, "ಅಕ್ಕ, ಏನ್ ಮಾತು ಹೇಳ್ಬಿಟ್ಟೆ" ಅಂದ.

ಅವನು ಅದನ್ನೇ ಹೇಳಿದ. ಆದರೆ ನನ್ನ ಗಂಟಲು ಅವನಿಗೆ ಇರಲಿಲ್ಲ. ಕೈಮುಗಿಯುವುದು ಬಿಟ್ಟುಹೋಯಿತು, ಅವಮಾನದ ಮಾತೂ ಬಿಟ್ಟುಹೋಯಿತು. ಉಳಿದದ್ದು ಹಣ್ಣಾದ ಹುಳು ಮತ್ತು ತಟ್ಟೆಯ ಕಸ. ಯಾರೋ ಆ ಎರಡು ವಾಕ್ಯ ಮಾತ್ರ ಕತ್ತರಿಸಿ ಹರಿಯಬಿಟ್ಟರು. ನಮ್ಮ ದೇವರನ್ನು ಹುಳು ಅಂದ, ಕಸ ಅಂದ ಎಂದು ಬೆಂಕಿ ಹತ್ತಿಕೊಂಡಿತು. ರೇಷ್ಮೆ ಬೆಳೆಯುವ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಹುಳುವಿಗಿಂತ ಮರ್ಯಾದೆಯ ಪ್ರಾಣಿ ಇಲ್ಲ. ಹೊರಗಿನವರಿಗೆ ಅದೆಲ್ಲಿ ಗೊತ್ತು. ಮೂರು ದಿನ ಮಂಜನಿಗೆ ಬಂದ ಬೈಗುಳ ನಾನು ಇಲ್ಲಿ ಬರೆಯಲಾರೆ. ಅವನ ಫೋಟೋಗೆ ಹಾರ ಹಾಕಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದು ಕಳಿಸಿದರು. ಅದು ಅವನ ಮಗಳ ಶಾಲೆಯ ಗ್ರೂಪಿಗೂ ಹೋಯಿತು. ಅವನ ಹೆಂಡತಿ ಅಂಗಡಿ ತೆಗೆಯುವುದು ಬೇಡ ಎಂದು ಅತ್ತಳು.

ನಾಲ್ಕನೇ ದಿನ ಅವನು ಹೊಸ ವಿಡಿಯೋ ಹಾಕಿದ. ಕುಚ್ಚಿನ ದಾರ ಕೈಯಲ್ಲಿರುವಾಗಲೇ ನೋಡಿದೆ. ಮುಖ ಒಣಗಿತ್ತು ಪಾಪ.

"ಎಲ್ಲಾರೂ ಕ್ಷಮಿಸ್ಬೇಕು. ಆ ಮಾತು ನಂದಲ್ಲ. ಗೌರಿಬಿದನೂರಲ್ಲಿ ನಮ್ಮಕ್ಕ ಪದ್ಮ ಅಂತ ಇದಾರೆ. ಅವರೇನೋ ಫೋನಲ್ಲಿ ಅಂದ್ರು, ನಾನು ಯೋಚನೆ ಮಾಡ್ದೆ ಹಂಗೇ ಹೇಳ್ಬಿಟ್ಟೆ. ಹೆಂಗಸರು, ಅವರಿಗೇನು ಗೊತ್ತಾಗುತ್ತೆ ಕ್ರಿಕೆಟ್ಟು. ನಂದು ತಪ್ಪಾಯ್ತು."

ನಾಲ್ಕು ವರ್ಷದಲ್ಲಿ ನನ್ನ ಹೆಸರು ಅಲ್ಲಿ ಬಂದದ್ದು ಅದೇ ಮೊದಲು.

ನಮ್ಮ ಮನೆಯವರು ಕಚೇರಿಯಿಂದ ಬಂದವರೇ, "ಅಲ್ಲೆಲ್ಲ ಕೇಳ್ತಿದಾರೆ, ಪದ್ಮ ಅಂದ್ರೆ ನಿಮ್ಮ ಮನೆಯವರೇನಾ ಅಂತ. ನಿನಗ್ಯಾಕೆ ಬೇಕಿತ್ತು?" ಅಂದರು. ಕೆಟ್ಟವರಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಕ್ರಿಕೆಟ್ಟಿನ ಬಗ್ಗೆ ನನ್ನನ್ನು ಅವರು ಕೇಳಿದ್ದು ಸ್ಕೋರ್ ಎಷ್ಟು ಎಂಬುದೊಂದೇ. ಅಂದು ಎರಡನೇ ಪ್ರಶ್ನೆ ಕೇಳಿದರು.

ಮಾರನೆಯ ಬೆಳಿಗ್ಗೆ ನಾನು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಚಿಂತಾಮಣಿಗೆ ಹೋದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಮಂಜ ಒಳಗೆ ಕೂತಿದ್ದ. ನನ್ನನ್ನು ಕಂಡವನೇ ಎದ್ದು ಸ್ಟೂಲು ಒರೆಸಿದ.

"ಕೂತ್ಕೊ ಅಕ್ಕ. ಕಾಫಿ ತರಿಸ್ಲಾ?"

"ಕಾಫಿ ಇರ್ಲಿ. ಏನೋ ಹಂಗಂದ್ರೆ? ಹೆಂಗಸರಿಗೇನು ಗೊತ್ತು ಅಂದ್ರೆ?"

"ನೀನು ಮನೇಲಿರೋಳು ಅಕ್ಕ, ನಿನ್ನ ಯಾರು ಬಂದು ಏನ್ ಮಾಡ್ತಾರೆ? ನಾನು ಬೀದೀಲಿ ಅಂಗಡಿ ಇಟ್ಕೊಂಡಿರೋನು. ಹಂಗಂದ್ರೆ ಸುಮ್ನಾಗ್ತಾರೆ ಅಂತ ಅಂದೆ. ಸುಮ್ನಾದ್ರೋ ಇಲ್ವೋ?"

ಹೌದು, ಸುಮ್ಮನಾಗಿದ್ದರು. ಹೆಂಗಸಿನ ಮಾತಂತೆ ಎಂದು ತಿಳಿದ ಮೇಲೆ ಜನಕ್ಕೆ ಕೋಪವೂ ಬೇಡವಾಗಿತ್ತು. ಕೆಳಗೆಲ್ಲ ನಗುವ ಮುಖಗಳು. 'ಅಕ್ಕನಿಗೆ ಸೀರಿಯಲ್ ನೋಡೋಕೆ ಹೇಳಿ ಅಣ್ಣ' ಎಂದು ಒಬ್ಬ. ನನ್ನನ್ನೂ ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇಷ್ಟು ದಿನ ಹೇಳಿದ್ದೆಲ್ಲ ಯಾರ ಮಾತು ಅಂತ ಒಂದಿನ ಆದ್ರೂ ಹೇಳಿದ್ಯಾ ಮಂಜ?"

ಅವನು ತಬ್ಬಿಬ್ಬಾಗಿ ನನ್ನನ್ನೇ ನೋಡಿದ. "ನೀನು ಹೇಳು ಅಂದಿರ್ಲಿಲ್ವಲ್ಲ ಅಕ್ಕ" ಅಂದ.

ಅದೂ ನಿಜ. ನಾನು ಕೇಳಿರಲಿಲ್ಲ. ಕಾಫಿ ಕುಡಿಯದೆ ಎದ್ದು ಬಂದೆ. ಅವನು ಬಸ್ ನಿಲ್ದಾಣದವರೆಗೂ ಹಿಂದೆ ಬಂದು, ಬಸ್ಸು ಹೊರಡುವವರೆಗೆ ಕಿಟಕಿಯ ಹತ್ತಿರ ನಿಂತಿದ್ದ. ನಾನು ಆ ಕಡೆ ತಿರುಗಲಿಲ್ಲ.

ಕೆಲವು ತಿಂಗಳಿಗೆ ನಾಲ್ಕನೇ ಜ್ವರ ತಾನಾಗಿಯೇ ನಿವೃತ್ತಿ ಹೇಳಿದ. ಅಂದು ಬೈದವರೆಲ್ಲ, ಸರಿಯಾದ ಹೊತ್ತಿಗೆ ಬಿಟ್ಟ, ಗೌರವ ಉಳಿಸಿಕೊಂಡ ಎಂದು ಬರೆದರು. ಮಂಜನೂ ಹಾಗೆಯೇ ಹೇಳಿದ. ಮಂಜನಿಗೂ ನನಗೂ ಆಗ ಮಾತಿರಲಿಲ್ಲ, ಆದರೂ ವಿಡಿಯೋ ನೋಡಿದೆ. ನಾನಿಲ್ಲದೆ ಅವನ ಮಾತು ಪೇಪರಿನಲ್ಲಿ ಬರುವ ಹಾಗಿತ್ತು. ಇಷ್ಟು ರನ್ನು, ಇಷ್ಟು ಶತಕ. ಕೆಳಗೆ ಯಾರೋ 'ಅಣ್ಣ ಮೊದಲಿನಂಗಿಲ್ಲ' ಎಂದು ಬರೆದಿದ್ದರು. ಅದನ್ನು ನಾನು ಎರಡು ಸಲ ಓದಿದೆ.

ಮುಂದಿನ ಸರಣಿ ನಮ್ಮ ದೇಶದಲ್ಲೇ ಶುರುವಾಯಿತು. ಮೊದಲ ಪಂದ್ಯದ ನಾಲ್ಕನೇ ದಿನದ ಆಟ ಮುಗಿದು ಹತ್ತು ನಿಮಿಷವಾಗಿತ್ತು. ಫೋನು ಬಂತು.

"ಅಕ್ಕ… ನೋಡಿದ್ಯಾ?"

ನೋಡಿದ್ದೆ. ಎದುರಾಳಿಗಳ ಏಳು ವಿಕೆಟ್ ಉಳಿದಿತ್ತು, ಕೊನೆಯ ದಿನ ಅವರು ಆರಾಮವಾಗಿ ಹೊಡೆದು ಗೆಲ್ಲುವಷ್ಟೇ ರನ್ನು ಬಾಕಿ ಇತ್ತು. ನಾಳೆ ಏನಾಗುತ್ತದೆಂದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ನಮ್ಮ ಎಡಗೈ ಸ್ಪಿನ್ನರನಿಗೆ ಪಿಚ್ಚಿನ ಒಂದು ಕಡೆ ಒಳ್ಳೆ ಒರಟು ಜಾಗ ಎದ್ದಿತ್ತು. ಬೆಳಿಗ್ಗೆಯಿಂದ ಆ ತುದಿಯಿಂದ ಅವನನ್ನೇ ಬಿಟ್ಟರೆ ಕೆಲಸ ಮುಗಿಯುತ್ತದೆ. ಮಗು ಕೂಡ ಹೇಳಬಹುದಾದ ಮಾತು. ನಾನು ಹೇಳಿದ್ದು ಬೇರೆ.

"ಸ್ಪಿನ್ನರ್‌ಗಳ ಕೈಲಿ ಏನೂ ಆಗಲ್ಲ ಕಣೋ. ಆ ಹೊಸ ಹುಡುಗ ಇದಾನಲ್ಲ, ವೇಗದ ಬೌಲರು, ಒಂದು ವಿಕೆಟ್ಟೂ ತೆಗೀದೆ ಇರೋನು, ನಾಳೆ ಅವನು ಐದು ತೆಗೀತಾನೆ. ನಾವೇ ಗೆಲ್ಲೋದು. ಬರ್ಕೊ."

ಆ ಹುಡುಗ ಕೈಗೆ ಚೆಂಡು ಬಂದಾಗಲೆಲ್ಲ ಹೊಡೆಸಿಕೊಂಡಿದ್ದ. ಆ ಪಿಚ್ಚಿನಲ್ಲಿ ವೇಗದ ಚೆಂಡು ಸತ್ತು ಬೀಳುತ್ತಿತ್ತು. ಮಂಜ ಇದನ್ನು ಹೇಳಲಿ, ನಾಳೆ ಜನ ಅವನನ್ನು ನೋಡಿ ನಗಲಿ ಎಂದೇ ನಾನು ಹೇಳಿದ್ದು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಈ ಆಟ ನೋಡುತ್ತಿದ್ದೇನೆ. ಮನೆಯಲ್ಲಿ, ನೆಂಟರಲ್ಲಿ, ಸೀರೆ ಕೊಡುವವರ ಹತ್ತಿರ ಎಷ್ಟೋ ಸುಳ್ಳು ಹೇಳಿದ್ದೇನೆ. ಆಟದ ಬಗ್ಗೆ ಹೇಳಿದ್ದು ಅದೇ ಮೊದಲು.

ಸಂಜೆ ಏಳಕ್ಕೆ ವಿಡಿಯೋ ಬಂತು. ಮಂಜ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಇವತ್ತು ಮೊದಲು ಒಂದು ವಿಷಯ ಹೇಳ್ಬೇಕು. ಆವತ್ತು ನಮ್ಮಕ್ಕನ ಬಗ್ಗೆ ನಾನು ಮಾತಾಡಿದ್ದು ತಪ್ಪು. ನಾಲ್ಕು ವರ್ಷದಿಂದ ಇಲ್ಲಿ ನಾನು ಹೇಳಿರೋ ಒಳ್ಳೆ ಮಾತೆಲ್ಲ ಅವರದೇ. ನನಗೆ ಆಟ ಕಲಿಸಿದ್ದೇ ಪದ್ಮಕ್ಕ. ನಾಳೆ ಏನಾಗುತ್ತೆ ಅಂತ ಅವರು ಹೇಳಿದಾರೆ. ಅವರ ಹೆಸರಲ್ಲೇ ಹೇಳ್ತೀನಿ, ಕೇಳಿ."

ಆಮೇಲೆ ಆ ಹೊಸ ಹುಡುಗ, ಆ ಐದು ವಿಕೆಟ್ಟು, ಎಲ್ಲವನ್ನೂ ಅಕ್ಷರ ಬಿಡದೆ ಹೇಳಿದ.

ನಾನು ಫೋನು ಮಾಡಿ ಬೇಡ ಕಣೋ, ಅದನ್ನು ತೆಗೆ ಅನ್ನಬಹುದಿತ್ತು. ಮಾಡಲಿಲ್ಲ. ಆಗಲೇ ಜನ ಬರೆಯತೊಡಗಿದ್ದರು: 'ಅಕ್ಕ ಮ್ಯಾಚ್ ನೋಡಿದಾರಾ ಇಲ್ಲ ಬರೀ ಕನಸಾ?' ತೆಗೆಸಿದರೆ ಯಾಕೆ ಎಂದು ಮಂಜನಿಗೆ ಹೇಳಬೇಕಾಗುತ್ತಿತ್ತು.

ಐದನೇ ದಿನ ನಾನು ಕುಕ್ಕರನ್ನೇ ಇಡಲಿಲ್ಲ. ಜೀವನದಲ್ಲಿ ಮೊದಲ ಸಲ ನನಗೆ ಗೊತ್ತಿರುವುದು ಆಗದಿರಲಿ ಎಂದು ಬೇಡಿಕೊಳ್ಳುತ್ತ ಕೂತೆ. ಎಡಗೈ ಸ್ಪಿನ್ನರ್ ಆ ಒರಟು ಜಾಗಕ್ಕೇ ಚೆಂಡು ಹಾಕಿದ. ಚೆಂಡು ಹಾವಿನ ಹಾಗೆ ತಿರುಗಿತು, ಬ್ಯಾಟಿಗೆ ಕೂದಲೆಳೆಯಲ್ಲಿ ತಪ್ಪಿತು. ನಾನು, ಆ ಬೌಲಿಂಗನ್ನು ಪೂಜಿಸುವವಳು, ಉಸಿರು ಬಿಟ್ಟೆ. ಎರಡು ಕ್ಯಾಚ್ ಕೈಬಿಟ್ಟರು, ನನಗೆ ಹಾಯೆನಿಸಿತು. ಕೊನೆಗೆ ನಾಯಕ ಬೇರೆ ದಾರಿ ಕಾಣದೆ ಆ ಹುಡುಗನ ಕೈಗೆ ಚೆಂಡು ಕೊಟ್ಟ. ಮೊದಲ ಚೆಂಡು ಪಿಚ್ಚಿನ ಬಿರುಕಿಗೆ ಬಿದ್ದು ಮೇಲೇಳದೆ ನೆಲ ಸವರಿಕೊಂಡು ಹೋಗಿ ಕಾಲಿಗೆ ಬಡಿಯಿತು. ಔಟ್. ಊಟದ ಹೊತ್ತಿಗೆ ನಾಲ್ಕು ವಿಕೆಟ್ ತೆಗೆದಿದ್ದ. ಊಟ ಮುಗಿಸಿ ಬಂದ ಮೊದಲ ಓವರಿನಲ್ಲೇ ಐದನೆಯದು. ಒಂದೂ ಒಳ್ಳೆಯ ಚೆಂಡಲ್ಲ. ಐದೂ ಬಿರುಕಿನ ಪುಣ್ಯ. ಉಳಿದಿಬ್ಬರು ಗಾಬರಿಯಲ್ಲಿ ರನೌಟಾದರು. ಗೆದ್ದೆವು.

ಫೋನು ಕೆಳಗಿಡಲು ಆಗಲಿಲ್ಲ. 'ಪದ್ಮಕ್ಕಂಗೆ ಜೈ', 'ಅಕ್ಕ ನಮ್ಮ ದೇವರು', 'ಅಕ್ಕನ್ನೇ ಕೋಚ್ ಮಾಡಿ'. ನಮ್ಮ ಮನೆಯವರು ಕಚೇರಿಯಿಂದಲೇ ಫೋನು ಮಾಡಿ, "ಎಲ್ಲಾರೂ ನಿನ್ನ ಕೇಳ್ತಿದಾರೆ ಕಣೇ" ಅಂದರು, ದನಿಯಲ್ಲಿ ಹೆಮ್ಮೆಯಿತ್ತು. ನಾಲ್ಕು ವರ್ಷ ಹೇಳಿದ ಸತ್ಯಕ್ಕೆ ಬಾರದ ಹೆಸರು ಒಂದು ಸುಳ್ಳಿಗೆ ಬಂದಿತ್ತು.

ಆಮೇಲೆ ಮಂಜ ಮಾಡಿದ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ.

"ಅಕ್ಕ! ಹೆಂಗಕ್ಕ? ಯಾರಿಗೂ ಕಾಣದೆ ಇದ್ದದ್ದು ನಿನಗೆ ಹೆಂಗಕ್ಕ ಕಾಣಿಸ್ತು?"

"ಕಾಣಿಸ್ಲಿಲ್ಲ ಮಂಜ. ಬೇಕು ಅಂತ ಸುಳ್ಳು ಹೇಳಿದ್ದೆ. ಜನ ನಿನ್ನ ನೋಡಿ ನಗ್ಲಿ ಅಂತ."

ಅಂಗಡಿಯ ಮುಂದೆ ಹಾದುಹೋಗುವ ಬಸ್ಸಿನ ಹಾರನ್ನು ಕೇಳಿಸಿತು.

"ನಿಜವಾಗ್ಲೂನಾ?" ಅಂದ. ಚಿಕ್ಕಂದಿನ ದನಿ.

"ನಿಜ ಕಣೋ. ನನ್ನ ಪ್ರಕಾರ ಸ್ಪಿನ್ನರು ಗೆಲ್ಲಿಸ್ಬೇಕಿತ್ತು. ನೀನು ನನ್ನ ಹೆಸರು ಹೇಳ್ತೀಯ ಅಂತ ನನಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು."

ಬಯ್ಯುತ್ತಾನೆ ಎಂದು ಕಾದೆ. ಬಯ್ದರೆ ನಾನೂ ಬಯ್ಯಬಹುದು, ಆಮೇಲೆ ಇಬ್ಬರೂ ಅತ್ತು ಸರಿಹೋಗಬಹುದು ಅಂದುಕೊಂಡೆ. ಅವನು ದನಿ ತಗ್ಗಿಸಿ ಹೇಳಿದ.

"ಇರ್ಲಿ ಬಿಡಕ್ಕ. ಇದನ್ನ ಯಾರಿಗೂ ಹೇಳೋಕೆ ಹೋಗ್ಬೇಡ. ಮುಂದಿನ ಮ್ಯಾಚ್‌ಗೂ ಅಂಥದ್ದೇ ಒಂದು ಹೇಳು."

ಆ ಸರಣಿಯಲ್ಲಿ ಇನ್ನೂ ಮೂರು ಪಂದ್ಯ ಉಳಿದಿದ್ದವು. ಮೂರಕ್ಕೂ, ಪ್ರತಿ ಸಂಜೆ, ಆಟ ಮುಗಿದ ತಕ್ಷಣ ಅವನ ಫೋನು ಬಂತು. ಮೂರನ್ನೂ ನಾನು ಒಂದು ಚೆಂಡು ಬಿಡದೆ ನೋಡಿದ್ದೆ, ಹೇಳುವುದಕ್ಕೂ ಬೇಕಾದಷ್ಟಿತ್ತು. ಫೋನು ರಿಂಗಾಗಿ ರಿಂಗಾಗಿ ನಿಲ್ಲುವವರೆಗೆ ಕುಚ್ಚು ಕಟ್ಟುತ್ತ ಕೂತಿದ್ದೆ.